ಒಂಬತ್ತು ಮಣಿಯ ಸರ

ತೂಬಗೆರೆ ಹೋಬಳಿಯ ನಮ್ಮ ಮನೆಯಲ್ಲಿ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯ ಕಡೆ ಯಾರೂ ಸುಳಿಯುವಂತಿರಲಿಲ್ಲ. ಅಜ್ಜಿ ಮೊದಲು ಕರು ಬಿಡುತ್ತಿದ್ದಳು. ಅದು ಮೂತಿಯಿಂದ ಕೆಚ್ಚಲನ್ನು ನಾಲ್ಕು ಸಲ ಗುದ್ದಿ, ತೊಟ್ಟು ಚೀಪಿ, ಬಾಲ ಅಲ್ಲಾಡಿಸುವಷ್ಟರಲ್ಲಿ ಹಸು ನಿಂತಲ್ಲೇ ಕಣ್ಣು ಅರೆಮುಚ್ಚುತ್ತಿತ್ತು, ತೊಟ್ಟುಗಳು ಬಿಗಿಯುತ್ತಿದ್ದವು. “ಸೊರೆ ಬಿಡ್ತು” ಎನ್ನುತ್ತ ಅಜ್ಜಿ ಕರುವನ್ನೆಳೆದು ಗೂಟಕ್ಕೆ ಕಟ್ಟಿ, ಮಂಡಿಗಳ ನಡುವೆ ಚೊಂಬು ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಆಮೇಲೆ ಐದಾರು ನಿಮಿಷ ಮಾತಿಲ್ಲ. ನಡುವೆ ಹೊಸಬರು ಯಾರಾದರೂ ಇಣುಕಿದರೆ, ನಾಯಿ ಹತ್ತಿರ ಬಂದು ಬೊಗಳಿದರೆ ಹಸು ಹಾಲನ್ನು ಮೇಲಕ್ಕೆ ಎಳೆದುಕೊಂಡುಬಿಡುತ್ತಿತ್ತು. ಅಜ್ಜಿಯ ಪ್ರಕಾರ ಅದು ದೃಷ್ಟಿ. ಸಂಜೆ ಮೆಣಸಿನಕಾಯಿ ನಿವಾಳಿಸುವ ಕೆಲಸವೂ ಆಗುತ್ತಿತ್ತು.

ದೃಷ್ಟಿಯ ಮಾತೊಂದನ್ನು ಬಿಟ್ಟರೆ ಅಜ್ಜಿಯ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಕರು ತೊಟ್ಟು ಚೀಪಿದ ಸುದ್ದಿ ನರಗಳ ಮೂಲಕ ಹಸುವಿನ ಮೆದುಳಿನ ಬುಡಕ್ಕೆ ಮುಟ್ಟುತ್ತದೆ. ಅಲ್ಲಿ ತಯಾರಾಗಿ ಪಿಟ್ಯುಟರಿ ಗ್ರಂಥಿಯಲ್ಲಿ ದಾಸ್ತಾನಾಗಿರುವ ಒಂದು ಪದಾರ್ಥ ರಕ್ತಕ್ಕೆ ಇಳಿಯುತ್ತದೆ. ಕೆಚ್ಚಲಿನೊಳಗೆ ಹಾಲು ತುಂಬಿದ ಲೆಕ್ಕವಿಲ್ಲದಷ್ಟು ಸಣ್ಣ ಚೀಲಗಳಿವೆ. ಒಂದೊಂದನ್ನೂ ಬುಟ್ಟಿ ಹೆಣೆದಂತೆ ಸುತ್ತಿಕೊಂಡ, ಸ್ನಾಯುವಿನಂಥ ಕೋಶಗಳಿವೆ. ರಕ್ತದಲ್ಲಿ ತೇಲಿ ಬಂದ ಆ ಪದಾರ್ಥ ತಾಕಿದೊಡನೆ ಅವು ಮುಷ್ಟಿ ಬಿಗಿದ ಹಾಗೆ ಕುಗ್ಗಿ ಹಾಲನ್ನು ಕೆಳಕ್ಕೆ ನೂಕುತ್ತವೆ. ಹಸು ಬೆದರಿದರೆ ಅಡ್ರಿನಲಿನ್ ಏರಿ ಈ ಕೆಲಸಕ್ಕೆ ಅಡ್ಡ ಬರುತ್ತದೆ. ಕರೆಯುವುದು ತಡವಾದರೂ ಕೆಲಸ ಕೆಡುತ್ತದೆ, ಏಕೆಂದರೆ ರಕ್ತದಲ್ಲಿ ಆ ಪದಾರ್ಥದ ಆಯುಷ್ಯ ಕೆಲವೇ ನಿಮಿಷ. ಅದರ ಹೆಸರು ಆಕ್ಸಿಟೋಸಿನ್. ಅದೊಂದು ಪೆಪ್ಟೈಡ್. ಒಂಬತ್ತೇ ಒಂಬತ್ತು ಮಣಿ ಪೋಣಿಸಿದ ಸರ.

ಪೆಪ್ಟೈಡ್ ಎಂಬ ಮಾತು ಈಗ ಎಲ್ಲೆಲ್ಲೂ ಕಿವಿಗೆ ಬೀಳುತ್ತದೆ. ಮುಖಕ್ಕೆ ಹಚ್ಚುವ ಕ್ರೀಮಿನ ಜಾಹೀರಾತಿನಲ್ಲಿ ಅದಿದೆ, ತೂಕ ಇಳಿಸುವ ಇಂಜೆಕ್ಷನ್ನಿನ ಸುದ್ದಿಯಲ್ಲಿ ಅದಿದೆ, ಜಿಮ್ಮಿನ ಹುಡುಗರ ಪಿಸುಮಾತಿನಲ್ಲೂ ಅದಿದೆ. ಅಲ್ಲೆಲ್ಲ ಹೋಗಿ ತಿಳಿಯುವುದಕ್ಕಿಂತ ಕೊಟ್ಟಿಗೆಯಿಂದ, ಹುಳುಮನೆಯಿಂದ ಶುರು ಮಾಡುವುದು ವಾಸಿ ಎಂದು ನನ್ನ ಎಣಿಕೆ. ನಮ್ಮ ಸೀಮೆ ಬಾಳಿ ಬದುಕಿರುವುದೇ ಹಾಲು ಮತ್ತು ರೇಷ್ಮೆಯಿಂದ. ಎರಡನ್ನೂ ನಡೆಸುವುದು ಇಂಥ ಸಣ್ಣ ಸರಗಳು.

ಮಣಿಗಳೆಂದರೆ ಅಮೈನೊ ಆಮ್ಲಗಳು. ಜೀವಕೋಶ ಸಾಮಾನ್ಯವಾಗಿ ಬಳಸುವ ಮಣಿಗಳು 20 ಬಗೆ. ಒಂದರ ಬಾಲವನ್ನು ಇನ್ನೊಂದರ ತಲೆಗೆ ಕೂಡಿಸುವಾಗ ನೀರಿನ ಒಂದು ಅಣು ಹೊರಬೀಳುತ್ತದೆ; ಉಳಿಯುವ ಬೆಸುಗೆಯೇ ಪೆಪ್ಟೈಡ್ ಬಂಧ. ಎರಡು ಮಣಿ ಕೂಡಿದರೂ ಪೆಪ್ಟೈಡೇ, ನಲವತ್ತು ಕೂಡಿದರೂ ಪೆಪ್ಟೈಡೇ. 50ರ ಆಸುಪಾಸು ದಾಟಿದ ಮೇಲೆ ಪ್ರೋಟೀನ್ ಎನ್ನುವುದು ರೂಢಿ. ಸರ್ವೆ ಮಾಡಿ ಕಲ್ಲು ನೆಟ್ಟ ಗಡಿಯಲ್ಲ ಇದು. 51 ಮಣಿಗಳ ಇನ್ಸುಲಿನ್ ಸರಿಯಾಗಿ ಬದುವಿನ ಮೇಲೆ ನಿಂತಿದೆ, ಕೆಲವರು ಅದನ್ನು ಈ ಹೊಲಕ್ಕೆ ಸೇರಿಸುತ್ತಾರೆ, ಕೆಲವರು ಆ ಹೊಲಕ್ಕೆ. ಹೆಸರಿಟ್ಟವನು ಜರ್ಮನಿಯ ರಸಾಯನ ವಿಜ್ಞಾನಿ ಎಮಿಲ್ ಫಿಷರ್, 1902ರಲ್ಲಿ. ಜೀರ್ಣವಾಗುವುದು ಎಂಬ ಅರ್ಥದ ಗ್ರೀಕ್ ಪದ ಅದರ ಬೇರು. ಹೊಟ್ಟೆಯೊಳಗೆ ಮಾಂಸ, ಕಾಳು, ಹಾಲು ಕರಗುವಾಗ ದೊಡ್ಡ ಸರಗಳು ಇಂಥ ತುಣುಕುಗಳಾಗಿ ಒಡೆಯುತ್ತವೆ. ಈ ಹೆಸರಿನ ಅರ್ಥವನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಮಣಿ ಯಾವುದು ಎನ್ನುವಷ್ಟೇ ಮುಖ್ಯ ಯಾವುದರ ಪಕ್ಕ ಯಾವುದು ಎನ್ನುವುದು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಕಾರ್ಡ್ ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳು ಸಾಲಾಗಿ ಜೋತುಬಿದ್ದಿರುತ್ತವೆ. ಯಾವ ತೂತಿನ ಪಕ್ಕ ಯಾವ ತೂತು ಎಂಬುದರ ಮೇಲೆ ಸೆರಗಿನಲ್ಲಿ ನವಿಲು ಮೂಡಬೇಕೋ ಮಾವಿನಕಾಯಿಯೋ ಎನ್ನುವುದು ತೀರ್ಮಾನವಾಗುತ್ತದೆ. ಒಂದು ತೂತು ತಪ್ಪಿದರೆ ಸೀರೆಯುದ್ದಕ್ಕೂ ಅದೇ ತಪ್ಪು. 20 ಬಗೆಯ ಮಣಿಗಳನ್ನು ಒಂಬತ್ತು ಜಾಗದಲ್ಲಿ ಕೂರಿಸುವ ದಾರಿಗಳು 51,200 ಕೋಟಿ. ಅಷ್ಟರಲ್ಲಿ ಒಂದೇ ಒಂದು ಆಕ್ಸಿಟೋಸಿನ್. ಅದರ ಮೂರನೆಯ ಮತ್ತು ಎಂಟನೆಯ ಮಣಿಗಳನ್ನು ಬದಲಿಸಿದರೆ ವ್ಯಾಸೊಪ್ರೆಸಿನ್ ಎಂಬ ಬೇರೆಯದೇ ಹಾರ್ಮೋನು ಸಿಗುತ್ತದೆ. ಅದೂ ಅದೇ ಗ್ರಂಥಿಯಲ್ಲಿರುತ್ತದೆ, ಆದರೆ ಅದರ ಮುಖ್ಯ ಕಸುಬು ಮೂತ್ರಪಿಂಡದಲ್ಲಿ, ಮೈಯ ನೀರು ಪೋಲಾಗದಂತೆ ನೋಡಿಕೊಳ್ಳುವುದು. ಎರಡು ಮಣಿಯ ವ್ಯತ್ಯಾಸಕ್ಕೆ ಒಂದು ಹಾಲಿನ ಕಡೆ, ಇನ್ನೊಂದು ನೀರಿನ ಕಡೆ.

ಇನ್ನು ಆ ಸೀರೆಯೇ ಇದೇ ಬೆಸುಗೆಯ ಸೃಷ್ಟಿ ಎಂಬುದು ನೇಯುವವರಿಗೆ ಗೊತ್ತಿರಬೇಕಾದ ಸಂಗತಿ. ರೇಷ್ಮೆ ಎಳೆಯ ಫೈಬ್ರಾಯಿನ್ 5,000ಕ್ಕೂ ಹೆಚ್ಚು ಮಣಿಗಳ ಪ್ರೋಟೀನ್. ಅದರ ಬಹುಭಾಗದಲ್ಲಿ ಗ್ಲೈಸಿನ್, ಅಲನಿನ್, ಗ್ಲೈಸಿನ್, ಅಲನಿನ್, ಗ್ಲೈಸಿನ್, ಸೆರಿನ್ ಎಂಬ ಆರು ಮಣಿಗಳ ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಮೂರೂ ಸಣ್ಣ ಮಣಿಗಳು. ಹಾಗಾಗಿ ಸರಗಳು ಒಂದರ ಪಕ್ಕ ಒಂದು ಒತ್ತಾಗಿ ಕೂತು ಎಳೆಗೆ ಆ ಗಟ್ಟಿತನ ಬರುತ್ತದೆ.

ಹುಳುವಿನ ಕತೆ ಎಳೆಗಿಂತ ಸ್ವಾರಸ್ಯ. ವಿಜಯಪುರದ ಗೂಡಿನ ಮಾರುಕಟ್ಟೆಗೆ ಬರುವ ಯಾವ ರೈತನನ್ನು ಕೇಳಿದರೂ ಹುಳುವಿಗೆ ನಾಲ್ಕು ಜ್ವರ ಎನ್ನುತ್ತಾನೆ. ಜ್ವರವೆಂದರೆ ಕಾಯಿಲೆಯಲ್ಲ, ಸೊಪ್ಪು ತಿನ್ನುವುದು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂತು ಪೊರೆ ಕಳಚುವ ಹೊತ್ತು. ನಾಲ್ಕನೇ ಜ್ವರ ಎದ್ದ ಹುಳು ಹಗಲುರಾತ್ರಿ ಹಿಪ್ಪುನೇರಳೆ ಮೇಯ್ದು, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಏರುತ್ತದೆ. ಯಾವಾಗ ಜ್ವರಕ್ಕೆ ಕೂರಬೇಕು ಎಂದು ಹುಳುವಿಗೆ ಹೇಳುವವರು ಯಾರು? ಮೆದುಳು. ಅಲ್ಲಿಂದ ಹೊರಟ ಪೆಪ್ಟೈಡ್ ಜಾತಿಯ ಹಾರ್ಮೋನು ಎದೆಯ ಹತ್ತಿರದ ಗ್ರಂಥಿಯನ್ನು ತಟ್ಟುತ್ತದೆ, ಆ ಗ್ರಂಥಿ ಪೊರೆ ಕಳಚಿಸುವ ಇನ್ನೊಂದು ಹಾರ್ಮೋನನ್ನು ಸುರಿಸುತ್ತದೆ.

ಈ ಮೆದುಳಿನ ಹಾರ್ಮೋನನ್ನು ಹುಡುಕಲು ಜಪಾನಿನ ಇಶಿಝಾಕಿ, ಸುಝುಕಿ ಮತ್ತು ಸಂಗಡಿಗರು ಲಕ್ಷಗಟ್ಟಲೆ ರೇಷ್ಮೆ ಚಿಟ್ಟೆಗಳ ತಲೆಗಳನ್ನು ಅರೆದು ಸೋಸಿದರು. ಪರೀಕ್ಷೆಗೆ ಎರಿ ಎಂಬ ಬೇರೆ ಜಾತಿಯ ರೇಷ್ಮೆಹುಳುವಿನ, ಮೆದುಳು ತೆಗೆದ ಕೋಶಗಳನ್ನು (ಪ್ಯೂಪಾ) ಇಟ್ಟುಕೊಂಡಿದ್ದರು. 1984ರಲ್ಲಿ ಒಂದು ಪೆಪ್ಟೈಡ್ ಸಿಕ್ಕಿತು, ಮಣಿಗಳನ್ನು ಓದಿ ನೋಡಿದರೆ ಅದು ಮನುಷ್ಯನ ಇನ್ಸುಲಿನ್ನಿನ ದಾಯಾದಿ! ಆಮೇಲೆ ತಿಳಿದದ್ದು: ಅದು ಎರಿ ಹುಳುವಿನಲ್ಲಿ ಕೆಲಸ ಮಾಡುತ್ತಿತ್ತೇ ಹೊರತು, ಯಾವ ಹುಳುವಿನ ತಲೆಯಿಂದ ತೆಗೆದರೋ ಆ ಹುಳುವಿನಲ್ಲಿ ಪೊರೆ ಕಳಚಿಸುತ್ತಿರಲಿಲ್ಲ. ಹುಡುಕಲು ಹೋದದ್ದೊಂದು, ಕೈಗೆ ಹತ್ತಿದ್ದು ಇನ್ನೊಂದು. ಅದಕ್ಕೆ ಬಾಂಬಿಕ್ಸಿನ್ ಎಂದು ಬೇರೆ ಹೆಸರಿಟ್ಟು, ನಿಜವಾದದ್ದನ್ನು ಮತ್ತೆ ಹುಡುಕಿ ತೆಗೆದರು. ಪ್ರಯೋಗಾಲಯದ ಇಂಥ ಎಡವಟ್ಟುಗಳು ಪಠ್ಯಪುಸ್ತಕಕ್ಕೆ ಬರುವುದಿಲ್ಲ. ಬಂದಿದ್ದರೆ ಮಕ್ಕಳು ವಿಜ್ಞಾನವನ್ನು ಇನ್ನಷ್ಟು ಇಷ್ಟಪಡುತ್ತಿದ್ದರೇನೋ.

ನನಗೆ ಇದಕ್ಕಿಂತಲೂ ಬೆರಗು ಹುಟ್ಟಿಸುವುದು ಮೊಟ್ಟೆಯ ಸಂಗತಿ. ನಮ್ಮ ಮೈಸೂರು ದೇಸಿ ತಳಿಯ ಮೊಟ್ಟೆ ಇಟ್ಟ ಹತ್ತು ಹನ್ನೊಂದು ದಿನಕ್ಕೆ ಮರಿಯಾಗುತ್ತದೆ, ವರ್ಷವಿಡೀ ಬೆಳೆ. ಚಳಿ ದೇಶದ ಮೂಲದ ದ್ವಿತಳಿಯ ಮೊಟ್ಟೆ ಹಾಗಲ್ಲ. ಇಟ್ಟ ಕೆಲವೇ ದಿನಗಳಲ್ಲಿ ಕಪ್ಪಗಾಗಿ ನಿದ್ದೆಗೆ ಬೀಳುತ್ತದೆ, ಚಳಿಗಾಲ ಕಳೆದ ಮೇಲೇ ಕಣ್ಣು ಬಿಡುವುದು. ಬಿತ್ತನೆ ಕೋಠಿಯಲ್ಲಿ ಆ ನಿದ್ದೆ ತಪ್ಪಿಸಲು, ಇಟ್ಟ ಮೊಟ್ಟೆಗಳನ್ನು ಒಂದು ದಿನದೊಳಗೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ತೊಳೆಯುತ್ತಾರೆ. ನಿದ್ದೆಯ ಅಪ್ಪಣೆ ಕೊಡುವುದು ಮೊಟ್ಟೆಯಲ್ಲ, ತಾಯಿ. ಗೂಡಿನೊಳಗೆ ಕೋಶವಾಗಿ ಮಲಗಿದ್ದಾಗ ಅವಳ ಗಂಟಲ ಕೆಳಗಿನ ಒಂದು ನರಗಂಟಿನಿಂದ 24 ಮಣಿಗಳ ಪೆಪ್ಟೈಡ್ ಹೊರಟು, ಬೆಳೆಯುತ್ತಿರುವ ಮೊಟ್ಟೆಗಳಿಗೆ ‘ಮಲಗಿ’ ಎನ್ನುತ್ತದೆ. 1950ರ ದಶಕದ ಆರಂಭದಲ್ಲೇ ಜಪಾನಿನಲ್ಲಿ ಆ ನರಗಂಟನ್ನು ತೆಗೆದು, ನಿದ್ದೆಯಿಲ್ಲದ ಮೊಟ್ಟೆ ಇಡಬೇಕಿದ್ದ ಕೋಶಕ್ಕೆ ಕಸಿ ಮಾಡಿ ನೋಡಿದ್ದರು. ಆ ಚಿಟ್ಟೆ ನಿದ್ದೆ ಹೋಗುವ ಮೊಟ್ಟೆಗಳನ್ನೇ ಇಟ್ಟಿತು. 24 ಮಣಿಗಳನ್ನು ಒಂದೊಂದಾಗಿ ಓದಿ ಮುಗಿಸಿದ್ದು 1991ರಲ್ಲಿ. ಇನ್ನೂ ಒಂದು ಸೋಜಿಗ: ತಾಯಿ ಈ ಅಪ್ಪಣೆ ಕೊಡಬೇಕೋ ಬೇಡವೋ ಎಂಬುದು, ಅವಳೇ ಮೊಟ್ಟೆಯಾಗಿದ್ದಾಗ ತಾಕಿದ ಶಾಖ ಮತ್ತು ಬೆಳಕಿನ ಮೇಲೆ ನಿಂತಿದೆ. ಬಸಿರಿನಲ್ಲಿದ್ದಾಗ ಕಂಡ ಬಿಸಿಲನ್ನು ಬಾಣಂತಿಯಾದಾಗ ನೆನೆಸಿಕೊಂಡ ಹಾಗೆ.

ನಮ್ಮ ರೈತರು ಬೆಳೆಯುವ ಹಳದಿ ಮಿಶ್ರತಳಿ ಗೂಡಿಗೆ ತಾಯಿ ಮೈಸೂರು ದೇಸಿ, ತಂದೆ ದ್ವಿತಳಿ. ಅದಕ್ಕೇ ಮಾಗಡಿ, ಕುಣಿಗಲ್ ಸೀಮೆಯಲ್ಲಿ ದೇಸಿ ತಳಿಯ ಬಿತ್ತನೆ ಗೂಡನ್ನು ಜತನದಿಂದ ಕಾಪಾಡಿಕೊಂಡು ಬಂದಿದ್ದಾರೆ. ತಾಯಿ ದೇಸಿಯಾದ್ದರಿಂದ ಆ 24 ಮಣಿಯ ಅಪ್ಪಣೆ ಮೊಟ್ಟೆಗೆ ಸಿಗುವುದಿಲ್ಲ. ಆಮ್ಲದ ಸ್ನಾನವಿಲ್ಲದೆ ಮರಿಯಾಗುತ್ತದೆ. ಹೆಣ್ಣು ಗಂಡು ಅದಲುಬದಲಾದರೆ ಲೆಕ್ಕವೇ ತಲೆಕೆಳಗು. ಪೆಪ್ಟೈಡಿನ ಹೆಸರು ಕೇಳುವ ಮೊದಲೇ ನಮ್ಮವರು ಅದರ ವರ್ತನೆಯನ್ನು ನೋಡಿಕೊಂಡು ಜೋಡಿ ಕಟ್ಟಿದ್ದರು.

ಇಷ್ಟು ಹೇಳಿದ ಮೇಲೆ ಸಂಶೋಧಕರು ಪೆಪ್ಟೈಡನ್ನು ಇಟ್ಟುಕೊಂಡು ಮಾಡುವುದೇನು ಎಂದು ಹೇಳುವುದು ಸುಲಭ. ಮೊದಲು ಓದುವುದು: ಯಾವ ಮಣಿಯ ಪಕ್ಕ ಯಾವುದು. ಆಮೇಲೆ ಅದನ್ನೇ ತಾವು ಪೋಣಿಸುವುದು. ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಆಕ್ಸಿಟೋಸಿನ್ನಿನ ಮಣಿಗಳನ್ನು ಓದಿ, 1953ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿ ತೋರಿಸಿದ. ಗ್ರಂಥಿಯಿಂದ ತೆಗೆದದ್ದೂ ತಾನು ಕಟ್ಟಿದ್ದೂ ಒಂದೇ ಕೆಲಸ ಮಾಡುತ್ತವೆ ಎಂದು ರುಜುವಾತಾಯಿತು. ಒಂದು ಪೆಪ್ಟೈಡ್ ಹಾರ್ಮೋನನ್ನು ಮನುಷ್ಯ ಮೊದಲ ಬಾರಿಗೆ ಕೈಯಾರೆ ಮಾಡಿದ್ದಕ್ಕೆ 1955ರ ನೊಬೆಲ್ ಬಂತು. ಆದರೆ ಆ ವಿಧಾನ ಬಹಳ ಹೆಣಗಾಟದ್ದು, ಒಂದೊಂದು ಮಣಿ ಕೂಡಿಸಿದಾಗಲೂ ಸೋಸಿ, ಶುದ್ಧ ಮಾಡಿ, ಮತ್ತೆ ಮುಂದಕ್ಕೆ. 1963ರಲ್ಲಿ ಬ್ರೂಸ್ ಮೆರಿಫೀಲ್ಡ್ ಒಂದು ಸರಳ ಉಪಾಯ ಕೊಟ್ಟ. ಸರದ ಒಂದು ತುದಿಯನ್ನು ಸಣ್ಣ ಪ್ಲಾಸ್ಟಿಕ್ ಗುಂಡಿಗೆ ಗಟ್ಟಿಯಾಗಿ ಕಟ್ಟಿಬಿಡು. ಮಣಿ ಹಾಕು, ಮಿಕ್ಕದ್ದನ್ನು ತೊಳೆದು ಚೆಲ್ಲು, ಮುಂದಿನ ಮಣಿ ಹಾಕು. ಕೊನೆಗೆ ಗುಂಡಿಯಿಂದ ಬಿಡಿಸಿಕೋ. ಹೂ ಕಟ್ಟುವವರು ದಾರದ ತುದಿಯನ್ನು ಕಾಲ್ಬೆರಳಿಗೆ ಸುತ್ತಿಕೊಂಡಂತೆ. ಈಗ ಇದನ್ನು ಯಂತ್ರವೇ ಮಾಡುತ್ತದೆ.

ಪೋಣಿಸಲು ಬಂದ ಮೇಲೆ ಕೆದಕಲೂ ಬಂತು. ಒಂದೊಂದು ಮಣಿಯನ್ನೂ ಸರದಿಯಂತೆ ತೆಗೆದು ಅಲ್ಲಿ ಸಣ್ಣ ಅಲನಿನ್ ಕೂರಿಸಿ ನೋಡುತ್ತಾರೆ. ಯಾವುದನ್ನು ತೆಗೆದಾಗ ಕೆಲಸ ನಿಲ್ಲುತ್ತದೋ ಅದೇ ಮುಖ್ಯ ಮಣಿ. ಸರದ ತುದಿಗೆ ಹೊಳೆಯುವ ಬಣ್ಣ ಅಂಟಿಸಿ ಅದು ಯಾವ ಕೋಶದ ಬಾಗಿಲಿಗೆ ಹೋಗುತ್ತದೆಂದು ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸುತ್ತಾರೆ. ದೊಡ್ಡ ಪ್ರೋಟೀನನ್ನು ಗುರುತಿಸಬೇಕಾದರೆ ಟ್ರಿಪ್ಸಿನ್ ಎಂಬ ಕಿಣ್ವದಿಂದ ಕತ್ತರಿಸಿ, ಉದುರಿದ ಪೆಪ್ಟೈಡ್ ತುಣುಕುಗಳ ತೂಕ ನೋಡಿ ಮೂಲ ಯಾವುದೆಂದು ಹೇಳುತ್ತಾರೆ.

ಸರದ ಆಕಾರದ ಪ್ರಶ್ನೆಗೆ ಉತ್ತರ ಬರೆದದ್ದು ಮಾತ್ರ ನಮ್ಮ ಪಕ್ಕದಲ್ಲೇ. ಪೆಪ್ಟೈಡ್ ದಾರದಂತೆ ನೇತಾಡುವುದಿಲ್ಲ, ಮಡಚಿ ಒಂದು ರೂಪಕ್ಕೆ ಬರುತ್ತದೆ. ಕೋಶದ ಮೇಲಿರುವ ಗ್ರಾಹಕ ಗುರುತಿಸುವುದು ಆ ರೂಪವನ್ನು. ಬೆಸುಗೆ ತಿರುಗುವುದಿಲ್ಲ, ಪ್ರತಿ ಮಣಿಯ ಎರಡು ಪಕ್ಕದ ಕೀಲುಗಳು ತಿರುಗುತ್ತವೆ. ಎಲ್ಲ ಕೋನಕ್ಕೂ ತಿರುಗಲಾರವು, ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಯಾವ ಕೋನಕ್ಕೆ ಅವಕಾಶ, ಯಾವುದಕ್ಕಿಲ್ಲ ಎಂಬ ನಕ್ಷೆಯನ್ನು 1963ರಲ್ಲಿ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಪ್ರಕಟಿಸಿದರು. ಇವತ್ತಿಗೂ ಜಗತ್ತಿನಲ್ಲಿ ಯಾರೇ ಪ್ರೋಟೀನಿನ ರಚನೆ ಬಿಡಿಸಿದರೂ ರಾಮಚಂದ್ರನ್ ನಕ್ಷೆಯ ಮೇಲಿಟ್ಟು ತಾಳೆ ನೋಡುತ್ತಾರೆ. 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ, ನಮ್ಮ ಹಳಬರು ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲೆಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಅಲ್ಲೇ ಪಿ. ಬಲರಾಂ ದಶಕಗಳ ಕಾಲ ಪೆಪ್ಟೈಡ್‌ಗಳ ಹಿಂದೆ ಬಿದ್ದಿದ್ದರು. ಅವರ ಮೆಚ್ಚಿನ ಮಣಿ ಎಐಬಿ ಎಂಬುದು. 20ರ ಪಟ್ಟಿಯಲ್ಲಿ ಇಲ್ಲದ, ಕೆಲವು ಬೂಷ್ಟುಗಳು ತಮ್ಮ ಪೆಪ್ಟೈಡ್‌ಗಳಲ್ಲಿ ಬಳಸುವ ಹೊರಗಿನ ಮಣಿ. ಅದನ್ನು ಸೇರಿಸಿದರೆ ಸರ ಸುಲಭವಾಗಿ ಬಳುಕದೆ ಸುರುಳಿಯಾಗಿ ಬಿಗಿದು ನಿಲ್ಲುತ್ತದೆ.

ಆ ಎಐಬಿ ಈಗ ಲಕ್ಷಾಂತರ ಜನರ ಮೈಯಲ್ಲಿದೆ. ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಪೆಪ್ಟೈಡನ್ನು ಬಿಡುತ್ತದೆ, ಇನ್ಸುಲಿನ್ ಬರಲಿ, ಹಸಿವು ಅಡಗಲಿ ಎಂದು. ರಕ್ತದ ಒಂದು ಕಿಣ್ವ ಒಂದೆರಡು ನಿಮಿಷದಲ್ಲಿ ಅದರ ತುದಿಯ ಎರಡು ಮಣಿ ಕತ್ತರಿಸಿ ಕೆಲಸ ಮುಗಿಸುತ್ತದೆ. ಸಕ್ಕರೆ ಕಾಯಿಲೆಗೆ ಮತ್ತು ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡಿನಲ್ಲಿ, ಕತ್ತರಿ ಬೀಳುವ ಜಾಗದ ಅಲನಿನ್ ತೆಗೆದು ಎಐಬಿ ಕೂರಿಸಿದ್ದಾರೆ. ಕತ್ತರಿಗೆ ಹಿಡಿತ ಸಿಗುವುದಿಲ್ಲ. ಜೊತೆಗೆ ಒಂದು ಕೊಬ್ಬಿನ ಬಾಲ ಅಂಟಿಸಿದ್ದಾರೆ. ನಿಮಿಷದ ಆಯುಷ್ಯ ವಾರಕ್ಕೆ ಏರಿತು.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಮಂದಿ ಹೆಚ್ಚಿದಂತೆ ಇನ್ನೊಂದು ವ್ಯಾಪಾರವೂ ಹೆಚ್ಚಿದೆ. ಗಾಯ ಬೇಗ ಮಾಯಿಸುವ, ಸ್ನಾಯು ಉಬ್ಬಿಸುವ ಪೆಪ್ಟೈಡ್ ಎಂದು ಪುಡಿ ತುಂಬಿದ ಸಣ್ಣ ಸೀಸೆಗಳು ಮೊಬೈಲಿನಲ್ಲೇ ಸಿಗುತ್ತವೆ. ಮೇಲೆ ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ. ಆ ಚೀಟಿಯ ಅರ್ಥ ಇಷ್ಟೇ: ಒಳಗೇನಿದೆ, ಎಷ್ಟು ಶುದ್ಧ, ಮನುಷ್ಯನಿಗೆ ಚುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಮಾರುವವನು ಹೊಣೆಯಲ್ಲ. ಪ್ರಯೋಗಾಲಯದ ಇಲಿಗೆ ಆ ಹೊಣೆ ಬೇಕಿಲ್ಲ. ಹೊಣೆ ಬೇಕಾದವರು ಕೊಳ್ಳದಿರುವುದೇ ಒಳ್ಳೆಯದು.

ಇಂಜೆಕ್ಷನ್ನಿನ ಮಾತು ಬಂದಾಗ ಕೊಟ್ಟಿಗೆಗೆ ವಾಪಸು ಹೋಗಲೇಬೇಕು. ಕರು ಸತ್ತ ಹಸು ಸೊರೆ ಬಿಡದಿದ್ದರೆ ಆಕ್ಸಿಟೋಸಿನ್ ಚುಚ್ಚಿ ಹಾಲು ಇಳಿಸುವ ಚಾಳಿ ದೇಶದುದ್ದಕ್ಕೂ ಇದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರಲ್ಲೇ ಬಂದದ್ದು, ಅದರ 12ನೇ ಕಲಂ ಇಂಥ ಚುಚ್ಚುಮದ್ದನ್ನು ಅಪರಾಧ ಎನ್ನುತ್ತದೆ. ಅದೇ ಆಕ್ಸಿಟೋಸಿನ್ ಹೆರಿಗೆ ಕೋಣೆಯಲ್ಲಿ ಪ್ರಾಣ ಉಳಿಸುವ ಮದ್ದು: ಮಗು ಹುಟ್ಟಿದ ಮೇಲೆ ಗರ್ಭಕೋಶ ಕುಗ್ಗದೆ ರಕ್ತ ಸುರಿಯತೊಡಗಿದರೆ ವೈದ್ಯರು ಮೊದಲು ಕೈ ಚಾಚುವುದು ಅದಕ್ಕೇ. ದುರುಪಯೋಗ ತಡೆಯಲು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಖಾಸಗಿ ಕಂಪನಿಗಳು ದೇಶದೊಳಗಿನ ಬಳಕೆಗೆ ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು. ಇಡೀ ದೇಶಕ್ಕೆ ಒದಗಿಸುವ ಹೊಣೆ ಒಂದೇ ಸಾರ್ವಜನಿಕ ಉದ್ಯಮದ ಹೆಗಲಿಗೆ ಬಿತ್ತು. ಅದು ಬೇರೆಲ್ಲೂ ಅಲ್ಲ, ನೆಲಮಂಗಲದಿಂದ ಬೆಂಗಳೂರಿಗೆ ಹೋಗುವ ಹಾದಿಯ ಪೀಣ್ಯದಲ್ಲಿ ಕಾರ್ಖಾನೆ ಇರುವ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್. ಒಂದೇ ಕಾರ್ಖಾನೆಯನ್ನು ನಂಬಿದರೆ ಬಾಣಂತಿಯರ ಗತಿಯೇನು ಎಂದು ತಕರಾರು ಎದ್ದಿತು. ಡಿಸೆಂಬರ್ 14, 2018ರಂದು ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2019ರಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಿತು. ಹೈಕೋರ್ಟಿನ ತೀರ್ಪೇ ಸರಿ ಎಂದು ನನ್ನ ಅಭಿಪ್ರಾಯ. ಹಸುವಿಗೆ ಚುಚ್ಚುವವನನ್ನು ಹಿಡಿಯಲು ಕಾಯ್ದೆ ಮೊದಲೇ ಇತ್ತು, ಹಿಡಿಯುವ ಮನಸ್ಸು ಇರಲಿಲ್ಲ.

ಚುಚ್ಚಿದ ಹಸುವಿನ ಹಾಲು ಕುಡಿದರೆ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ ಎಂಬ ಹೆದರಿಕೆಯೂ ನಮ್ಮ ಕಡೆ ಇದೆ. ಇಲ್ಲಿಯೇ ಫಿಷರ್ ಇಟ್ಟ ಹೆಸರಿನ ಅರ್ಥ ಕೆಲಸಕ್ಕೆ ಬರುವುದು. ಪೆಪ್ಟೈಡ್ ಹೊಟ್ಟೆಗೆ ಹೋದರೆ ಕಾಳು, ಮೊಸರು ಕರಗಿದಂತೆ ಕರಗಿ ಬಿಡಿ ಮಣಿಗಳಾಗುತ್ತದೆ; ಇನ್ಸುಲಿನ್ನನ್ನು ಮಾತ್ರೆ ಮಾಡಿ ನುಂಗದೆ ಚುಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ. ಕುಡಿಯುವವರ ಮಾತು ಹಾಗಿರಲಿ, ಕಷ್ಟ ಇರುವುದು ಹಸುವಿಗೆ. ದಿನಾ ಎರಡು ಸಲ ಸೂಜಿ, ಕೊನೆಗೆ ಸೂಜಿಯಿಲ್ಲದೆ ಹಾಲು ಇಳಿಯದ ಸ್ಥಿತಿ.

ಸೂಜಿ ಹಿಡಿಯುವ ಮೊದಲು ಹೈನುಗಾರರು ಡೇರಿಯ ಪಶುವೈದ್ಯರನ್ನು ಒಂದು ಮಾತು ಕೇಳಿ. ಕೆಚ್ಚಲನ್ನು ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ನೀವಿ, ಮುಂದೆ ಬೂಸಾ ಇಟ್ಟು, ದಿನಾ ಅದೇ ಹೊತ್ತಿಗೆ ಅದೇ ಕೈ ಕರೆಯಲಿ. ಕರುವಿಲ್ಲದ ಸೀಮೆಹಸುವೂ ನಿಧಾನವಾಗಿ ಬಕೆಟ್ಟಿನ ಸದ್ದಿಗೇ ಸೊರೆ ಬಿಡುವುದನ್ನು ಕಲಿಯುತ್ತದೆ.